ತಣ್ಣನೆಯ ದೀಪವೂ ರೋಗದ ಪತ್ತೆಯೂ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯೇ ಈ ಲೇಖನಕ್ಕೆ ಕಾರಣ. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು ಸುಮ್ಮನೆ ನಿಂತಳು. ಬಿಡಿಸಿ ನೋಡಿದೆ, ಅದು ಆಕೆಯ ತಾಯಿಯವರ ರಕ್ತಪರೀಕ್ಷೆಯ ವರದಿ. ಅದರಲ್ಲಿದ್ದ ಒಂದು ಉದ್ದನೆಯ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟು, "ಸರ್, ನಮ್ಮ ಅವ್ವಗ ಆಗಿರೋದು ಇದೇ ರೋಗ ಏನ್ರೀ?" ಎಂದು ಕೇಳಿದಳು. ಆ ಪದ 'ಕೆಮಿಲ್ಯೂಮಿನಿಸೆನ್ಸ್' ಎಂಬುದಾಗಿತ್ತು.

ವಿಚಾರಿಸಲಾಗಿ ತಿಳಿದುದಿಷ್ಟು: ವರದಿ ಕೈಗೆ ಬಂದು ಹದಿನೈದು ದಿನಗಳಾಗಿದ್ದುವು. ನೆರೆಯವರು ಯಾರೋ ಆ ಪದವನ್ನು ಕಷ್ಟಪಟ್ಟು ಓದಿ, ಇದು ಯಾವುದೋ ದೊಡ್ಡ ಕಾಯಿಲೆಯ ಹೆಸರಿರಬೇಕು ಎಂದರಂತೆ. ತಾಯಿಯವರು ಹೆದರಿ, ವೈದ್ಯರ ಬಳಿಗೆ ಹೋಗುವುದನ್ನೇ ಮುಂದೂಡುತ್ತ ಬಂದಿದ್ದರು. ಆ ಪದ 'ವಿಧಾನ' ಎಂಬ ಶಿರೋನಾಮೆಯ ಕೆಳಗಿದ್ದುದನ್ನು ನಾನು ಕಂಡೆ. "ಇದು ರೋಗದ ಹೆಸರಲ್ಲಮ್ಮ, ಪರೀಕ್ಷೆ ಮಾಡಿದ ರೀತಿಯ ಹೆಸರು. ನಾಳೆಯೇ ಅವ್ವನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗು" ಎಂದೆ. ಆಕೆಯ ಮುಖ ಸ್ವಲ್ಪ ತಿಳಿಯಾಯಿತು. ಆದರೆ ಹೋಗುವ ಮೊದಲು ಮತ್ತೊಂದು ಪ್ರಶ್ನೆ ಕೇಳಿದಳು: "ಹಂಗಾದ್ರ ಆ ರೀತಿ ಅಂದ್ರ ಏನ್ರೀ?" ಮೆಟ್ರಿಕ್ಕಿನವರೆಗೆ ಕನ್ನಡದಲ್ಲಿಯೇ ಓದಿದ ನಾನು ಆ ಪದವನ್ನು ಒಡೆದು ಹೇಳಲಾರದೆ ಸುಮ್ಮನಾದೆ. ಅಂದು ಉಳಿದ ಸಾಲವನ್ನು ಇಂದು ಈ ವಾರ್ಷಿಕ ಸಂಚಿಕೆಯಲ್ಲಿ ತೀರಿಸಲು ಯತ್ನಿಸುತ್ತೇನೆ.

ಬೆಂಕಿಯಿಲ್ಲದ ಬೆಳಕು

ಆ ಪದದ ಅರ್ಥ ಸರಳವಾದುದು: ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬೆಳಕು. ನಾವು ಇದನ್ನು 'ರಾಸಾಯನಿಕ ದೀಪ್ತಿ' ಎಂದು ಕರೆಯೋಣ. ರಜೆಯಲ್ಲಿ ಊರಿಗೆ ಹೋದಾಗ, ಮಳೆಗಾಲದ ಆರಂಭದ ರಾತ್ರಿಗಳಲ್ಲಿ ಬೇಲಿಗಳ ಮೇಲೆ ಮಿನುಗುವ ಮಿಂಚುಹುಳುಗಳನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಅದನ್ನು ಹಿಡಿದು ಅಂಗೈಯಲ್ಲಿಟ್ಟುಕೊಂಡರೆ ಕೈ ಸುಡುವುದಿಲ್ಲ. ಹಳೆಯ ಮಾದರಿಯ ತಂತಿಯ ಬಲ್ಬಾದರೋ ಮುಟ್ಟಲಾರದಷ್ಟು ಬಿಸಿ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಐದರಷ್ಟು ಮಾತ್ರ ಬೆಳಕಾಗಿ ಉಳಿದುದೆಲ್ಲ ಶಾಖವಾಗಿ ಹೋಗುತ್ತದೆ. ಮಿಂಚುಹುಳುವಿನದು ತಣ್ಣನೆಯ ದೀಪ.

ಈ ತಣ್ಣನೆಯ ಬೆಳಕು ಎಲ್ಲಿಂದ ಬರುತ್ತದೆ? ರಾಸಾಯನಿಕ ಕ್ರಿಯೆಗಳು ನಡೆಯುವಾಗ ಅನೇಕ ವೇಳೆ ಶಕ್ತಿ ಬಿಡುಗಡೆಯಾಗುವುದುಂಟು. ಸಾಮಾನ್ಯವಾಗಿ ಅದು ಶಾಖವಾಗಿ ಹೊರಬರುತ್ತದೆ. ಸುಣ್ಣದ ಹರಳಿಗೆ ನೀರು ಹಾಕಿದಾಗ ಪಾತ್ರೆ ಕಾಯುವುದನ್ನು ನೀವು ನೋಡಿದ್ದೀರಿ. ಕೆಲವೇ ಕೆಲವು ಕ್ರಿಯೆಗಳಲ್ಲಿ, ಹೊಸದಾಗಿ ಹುಟ್ಟಿದ ಅಣು ಆ ಶಕ್ತಿಯನ್ನು ತನ್ನಲ್ಲೇ ಹೊತ್ತುಕೊಂಡು ಒಂದು ಬಗೆಯ ಉದ್ರಿಕ್ತ ಸ್ಥಿತಿಯಲ್ಲಿರುತ್ತದೆ. ಮರವೇರಿದ ಹುಡುಗ ಕೆಳಕ್ಕೆ ಇಳಿಯಲೇಬೇಕಲ್ಲವೆ? ಹಾಗೆಯೇ ಆ ಅಣುವೂ ಕ್ಷಣಮಾತ್ರದಲ್ಲಿ ಶಾಂತಸ್ಥಿತಿಗೆ ಇಳಿಯುತ್ತದೆ. ಇಳಿಯುವಾಗ ಒಂದು ಬೆಳಕಿನ ಕಣವನ್ನು, ಎಂದರೆ ಒಂದು ಫೋಟಾನನ್ನು, ಹೊರಚೆಲ್ಲುತ್ತದೆ.

ಈ ರಹಸ್ಯವನ್ನು ಮನುಷ್ಯನು ಮೆಲ್ಲಮೆಲ್ಲನೆ ಬಿಡಿಸಿದನು. ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಅವರು ಕತ್ತಲೆಯಲ್ಲಿ ಹೊಳೆಯುವ ಕೊಳೆತ ಮರದ ತುಂಡನ್ನು ಗಾಜಿನ ಪಾತ್ರೆಯಲ್ಲಿಟ್ಟು, ಯಂತ್ರದಿಂದ ಗಾಳಿಯನ್ನು ಹೊರತೆಗೆದರು. ಹೊಳಪು ಅಡಗಿತು. ಗಾಳಿಯನ್ನು ಮತ್ತೆ ಬಿಟ್ಟಾಗ ಹೊಳಪು ಮರಳಿತು. ಅವರು ಇದನ್ನು ೧೬೬೮ರಲ್ಲಿ ಪ್ರಕಟಿಸಿದರು. ಈ ಬೆಳಕಿಗೂ ಗಾಳಿಯಲ್ಲಿನ ಆಮ್ಲಜನಕ ಬೇಕೆಂಬುದು ಆಮೇಲೆ ತಿಳಿಯಿತು. ಅನಂತರ ೧೮೮೫–೮೭ರ ಸುಮಾರಿನಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬ್ವಾ ಅವರು ಹೊಳೆಯುವ ಪ್ರಾಣಿಗಳಿಂದ ಎರಡು ರಸಗಳನ್ನು ತೆಗೆದರು. ತಣ್ಣೀರಿನಲ್ಲಿ ತೆಗೆದ ರಸ ಸ್ವಲ್ಪ ಹೊತ್ತು ಹೊಳೆದು ಆರಿಹೋಯಿತು. ಬಿಸಿನೀರಿನಲ್ಲಿ ತೆಗೆದುದು ಹೊಳೆಯಲೇ ಇಲ್ಲ. ಆರಿದ ಎರಡನ್ನೂ ಬೆರೆಸಿದೊಡನೆ ಬೆಳಕು ಮರಳಿ ಬಂದಿತು! ಒಂದರಲ್ಲಿ ಉರಿಯುವ ವಸ್ತು, ಇನ್ನೊಂದರಲ್ಲಿ ಅದನ್ನು ಉರಿಸುವ ಕಿಣ್ವ ಇದ್ದುವು. ಅವುಗಳಿಗೆ ಅವರಿಟ್ಟ ಹೆಸರುಗಳು ಲ್ಯೂಸಿಫೆರಿನ್ ಮತ್ತು ಲ್ಯೂಸಿಫೆರೇಸ್. ಅಮೆರಿಕದ ವಿಲಿಯಂ ಮ್ಯಾಕೆಲ್ರಾಯ್ ಅವರು ಬಾಲ್ಟಿಮೋರ್ ನಗರದ ಮಕ್ಕಳಿಗೆ ಅಲ್ಪಸ್ವಲ್ಪ ಹಣ ಕೊಟ್ಟು ಮಿಂಚುಹುಳುಗಳನ್ನು ಹಿಡಿಸಿ ತರಿಸಿ, ಆ ದೀಪ ಬೆಳಗಲು ಜೀವಕೋಶದ ಶಕ್ತಿವಾಹಕವಾದ ಎ.ಟಿ.ಪಿ. ಎಂಬ ವಸ್ತುವೂ ಬೇಕೆಂಬುದನ್ನು ೧೯೪೭ರಲ್ಲಿ ತೋರಿಸಿಕೊಟ್ಟರು.

ಜೀವಿಗಳ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿಯೇ ತಯಾರಾಗುವ ತಣ್ಣನೆಯ ದೀಪಗಳೂ ಇವೆ. ಅವುಗಳಲ್ಲಿ ಹೆಸರಾದುದು ಲ್ಯೂಮಿನಾಲ್. ಅದರ ಹೊಳಪನ್ನು ಜರ್ಮನಿಯ ಆಲ್ಬ್ರೆಕ್ಟ್ ಅವರು ೧೯೨೮ರಲ್ಲಿ ವಿವರಿಸಿದರು. ಕ್ಷಾರ ದ್ರಾವಣದಲ್ಲಿ ಲ್ಯೂಮಿನಾಲನ್ನು ಕರಗಿಸಿ, ಹೈಡ್ರೊಜನ್ ಪೆರಾಕ್ಸೈಡನ್ನು ಬೆರೆಸಿ, ಕ್ರಿಯೆಯನ್ನು ಚುರುಕುಗೊಳಿಸುವ ಒಂದು ವಸ್ತುವನ್ನು ಹಾಕಿದರೆ ಚೆಲುವಾದ ನೀಲಿ ಬೆಳಕು ಹೊಮ್ಮುತ್ತದೆ. ರಕ್ತದಲ್ಲಿರುವ ಕಬ್ಬಿಣಯುಕ್ತ ಹೀಮ್ ಎಂಬ ವಸ್ತು ಇಂಥ ಚುರುಕುಕಾರಕವಾಗಿರುವುದರಿಂದ, ಒರಸಿಹಾಕಿದ ರಕ್ತದ ಕಲೆಯನ್ನು ಕತ್ತಲೆಯಲ್ಲಿ ಪತ್ತೆಹಚ್ಚಲು ಪೊಲೀಸರು ಲ್ಯೂಮಿನಾಲನ್ನು ಉಪಯೋಗಿಸುತ್ತಾರೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕತ್ತಲೆಯ ಉಪಯೋಗ

ಮಿಂಚುಹುಳುವಿನ ದೀಪದಲ್ಲಿ ನೂರು ಅಣುಗಳು ಉರಿದರೆ ಸುಮಾರು ೪೧ ಬೆಳಕಿನ ಕಣಗಳು ಹುಟ್ಟುತ್ತವೆಂದು ೨೦೦೮ರಲ್ಲಿ ಜಪಾನಿನ ವಿಜ್ಞಾನಿಗಳು ಅಳೆದರು. ಲ್ಯೂಮಿನಾಲಿನಲ್ಲಾದರೋ ನೂರಕ್ಕೆ ಸುಮಾರು ಒಂದು ಮಾತ್ರ. ಇಷ್ಟು ದುರ್ಬಲವಾದ ಬೆಳಕಿನಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು.

ಮುಂಬಯಿಯ ಆಕಾಶದಲ್ಲಿ ನಮಗೆ ಕಾಣುವ ನಕ್ಷತ್ರಗಳು ಬೆರಳೆಣಿಕೆಯಷ್ಟು. ಊರಿನ ಹೊಲದಲ್ಲಿ ಮಲಗಿ ನೋಡಿದರೆ ಆಕಾಶ ತುಂಬ ನಕ್ಷತ್ರಗಳು. ನಕ್ಷತ್ರಗಳು ಎರಡು ಕಡೆಯೂ ಅವೇ. ಇಲ್ಲಿ ಬೀದಿದೀಪಗಳ ಬೆಳಕು ಅವನ್ನು ಮುಚ್ಚಿದೆ, ಅಲ್ಲಿ ಕತ್ತಲೆ ಅವನ್ನು ತೋರಿಸುತ್ತಿದೆ. ಅಳತೆಯ ಕೆಲಸದಲ್ಲಿಯೂ ಇದೇ ನಿಯಮ. ಹೊರಗಿನಿಂದ ದೀಪ ಬಿಟ್ಟು ನೋಡುವ ಪರೀಕ್ಷೆಗಳಲ್ಲಿ ಆ ದೀಪದ ಬೆಳಕೇ ಅಲ್ಲಿಲ್ಲಿ ಚದುರಿ ಕಣ್ಣು ಕೋರೈಸುತ್ತದೆ. ರಾಸಾಯನಿಕ ದೀಪ್ತಿಗೆ ಹೊರಗಿನ ದೀಪವೇ ಬೇಡ. ಪೂರ್ಣ ಕತ್ತಲೆಯ ಪೆಟ್ಟಿಗೆಯೊಳಗೆ ನಳಿಕೆಯನ್ನಿಟ್ಟರೆ, ಹೊರಬಂದ ಬೆಳಕೆಲ್ಲವೂ ಆ ಕ್ರಿಯೆಯದೇ. ಅಂಥ ಕತ್ತಲೆಯಲ್ಲಿ ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸಬಲ್ಲ ಉಪಕರಣಗಳು ಇಂದು ನಮ್ಮಲ್ಲಿವೆ. ಹೀಗೆ ಸಣ್ಣ ದೀಪದ ಬಲವಿರುವುದು ಅದರ ಸುತ್ತಲಿನ ಕತ್ತಲೆಯಲ್ಲಿ.

ವರದಿಯಲ್ಲಿದ್ದ ಪದ

ಈಗ ಆ ತಾಯಿಯವರ ವರದಿಗೆ ಬರೋಣ. ವೈದ್ಯರು ಅಳೆಯಿಸಿದ್ದುದು ಟಿ.ಎಸ್.ಎಚ್. ಎಂಬ ಪದಾರ್ಥವನ್ನು. ನಮ್ಮ ಕೊರಳಿನ ಮುಂಭಾಗದಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ. ಅದು ಸೋಮಾರಿಯಾದರೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ "ಕೆಲಸ ಮಾಡು" ಎಂದು ಗದರಿಸುವಂತೆ ಹೆಚ್ಚು ಹೆಚ್ಚು ಟಿ.ಎಸ್.ಎಚ್. ಅನ್ನು ರಕ್ತಕ್ಕೆ ಕಳುಹಿಸುತ್ತದೆ. ಆದುದರಿಂದ ಅದರ ಪ್ರಮಾಣ ಏರಿತೆಂದರೆ ಥೈರಾಯ್ಡು ಮಂದವಾಗಿದೆಯೆಂದು ವೈದ್ಯರು ಊಹಿಸುತ್ತಾರೆ. ಆದರೆ ರಕ್ತದಲ್ಲಿ ಅದು ಇರುವುದು ಅತ್ಯಲ್ಪ. ಸಾವಿರಾರು ಬಗೆಯ ಬೇರೆ ಪದಾರ್ಥಗಳ ಜಾತ್ರೆಯಲ್ಲಿ ಅದನ್ನೊಂದನ್ನೇ ಹುಡುಕಬೇಕು.

ಇದಕ್ಕೆ ಪ್ರತಿಕಾಯಗಳು ನೆರವಾಗುತ್ತವೆ. ಒಂದು ಪ್ರತಿಕಾಯ ತನಗೆ ಹೊಂದುವ ಒಂದು ಪದಾರ್ಥವನ್ನು ಮಾತ್ರ, ಬೀಗಕ್ಕೆ ಕೀಲಿಕೈಯಂತೆ, ಹಿಡಿದುಕೊಳ್ಳುತ್ತದೆ. ಆಯಸ್ಕಾಂತಕ್ಕೆ ಅಂಟುವ ಸಣ್ಣ ಮಣಿಗಳ ಮೇಲೆ ಒಂದು ಪ್ರತಿಕಾಯವನ್ನು ಕೂರಿಸಿರುತ್ತಾರೆ, ಅದು ಟಿ.ಎಸ್.ಎಚ್. ಅನ್ನು ಹಿಡಿಯುತ್ತದೆ. ಅದರ ಇನ್ನೊಂದು ಬದಿಯನ್ನು ಎರಡನೆಯ ಪ್ರತಿಕಾಯ ಹಿಡಿಯುತ್ತದೆ. ಈ ಎರಡನೆಯದರ ಬೆನ್ನಿನ ಮೇಲೆ ತಣ್ಣನೆಯ ದೀಪದ ಅಣುವಿರುತ್ತದೆ. ಆಯಸ್ಕಾಂತದಿಂದ ಮಣಿಗಳನ್ನು ಹಿಡಿದು ಉಳಿದುದೆಲ್ಲವನ್ನೂ ತೊಳೆದು ತೆಗೆದ ಮೇಲೆ, ದೀಪ ಹಚ್ಚುವ ದ್ರಾವಣವನ್ನು ಸುರಿಯುತ್ತಾರೆ. ಬೆಳಕು ಎಷ್ಟು ಬಂತೋ ಅದರಿಂದ ಟಿ.ಎಸ್.ಎಚ್. ಎಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. ಮೊದಲು ಇಂಥ ಪರೀಕ್ಷೆಗಳಿಗೆ ದೀಪದ ಬದಲು ವಿಕಿರಣ ಸೂಸುವ ಪರಮಾಣುಗಳನ್ನು ಉಪಯೋಗಿಸುತ್ತಿದ್ದರು. ಆ ವಿಧಾನವನ್ನು ಸಾಲೊಮನ್ ಬರ್ಸನ್ ಅವರ ಸಂಗಡ ಕಂಡುಹಿಡಿದ ರೋಸಲಿನ್ ಯಾಲೋ ಎಂಬ ವಿದುಷಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಿಕಿರಣದ ಅಪಾಯವಿಲ್ಲದ ಬೆಳಕು ಅನಂತರ ಬಹುಮಟ್ಟಿಗೆ ಅದರ ಸ್ಥಾನವನ್ನು ಪಡೆಯಿತು.

ಆ ತಾಯಿಯವರನ್ನು ಹದಿನೈದು ದಿನ ಹೆದರಿಸಿದ ಪದ ಇದು. ಕತ್ತಲೆಯ ಪೆಟ್ಟಿಗೆಯಲ್ಲಿ ಒಂದು ಕ್ಷಣ ಮಿನುಗಿದ ಮಿಂಚುಹುಳು!

ನಾಲ್ಕು ಅಕ್ಷರಗಳ ವಿಳಾಸ

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಪ್ರತಿಕಾಯ ಪದಾರ್ಥದ ಆಕಾರವನ್ನು ಗುರುತಿಸುತ್ತದೆಯೇ ಹೊರತು ರೋಗಾಣುವಿನೊಳಗೆ ಬರೆದಿಟ್ಟ ಬರಹವನ್ನು ಅಕ್ಷರ ಅಕ್ಷರವಾಗಿ ಓದಲಾರದು. ಅಲ್ಲದೆ ರೋಗದ ಆರಂಭದಲ್ಲಿ ರೋಗಾಣುಗಳು ಬಹಳ ಕಡಮೆ. ಒಂದು ಗುರುತಿಗೆ ಒಂದೆರಡು ದೀಪಗಳಷ್ಟೇ ಬೆಳಗಿದರೆ ಸಾಲದು. ಬರಹವನ್ನು ಓದಬೇಕು, ಓದಿದೊಡನೆ ಒಂದರ ಬದಲು ನೂರು ದೀಪ ಹಚ್ಚಬೇಕು. ಈ ಎರಡು ಕೆಲಸಗಳಿಗೂ ವಿಜ್ಞಾನಿಗಳು ಆರಿಸಿಕೊಂಡುದು ಡಿ.ಎನ್.ಎ. ಎಂಬ ಎಳೆಯನ್ನು.

ಡಿ.ಎನ್.ಎ. ನಮ್ಮ ಜೀವಕೋಶಗಳಲ್ಲಿರುವ ವಂಶದ ಬರಹವೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ರೋಸಲಿಂಡ್ ಫ್ರಾಂಕ್ಲಿನ್ ಮತ್ತು ಮಾರಿಸ್ ವಿಲ್ಕಿನ್ಸ್ ಅವರ ಕ್ಷಕಿರಣ ಚಿತ್ರಗಳ ನೆರವಿನಿಂದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು ೧೯೫೩ರಲ್ಲಿ ಅದರ ರಚನೆಯನ್ನು ಬಿಡಿಸಿದರು. ಅದು ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಪ್ರತಿ ಎಳೆಯ ಮೇಲೂ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಎ ಎಂಬುದರ ಎದುರಿಗೆ ಟಿ, ಜಿ ಎಂಬುದರ ಎದುರಿಗೆ ಸಿ. ಈ ನಿಯಮವೇ ಅದರ ಜೀವಾಳ. ಕಾಗದದ ಪಟ್ಟಿಯೊಂದರ ಮೇಲೆ 'ಎ ಟಿ ಟಿ ಜಿ ಸಿ ಎ' ಎಂದು ಬರೆಯಿರಿ. ಅದರ ಜೊತೆಗಾರ ಪಟ್ಟಿಯಲ್ಲಿ ಒಂದೊಂದರ ಎದುರಿಗೂ 'ಟಿ ಎ ಎ ಸಿ ಜಿ ಟಿ' ಎಂದೇ ಇರಬೇಕು. ಒಂದು ಅಕ್ಷರ ತಪ್ಪಿದರೂ ಹಿಡಿತ ಸಡಿಲವಾಗುತ್ತದೆ.

ಇದು ಎಷ್ಟು ನಿಖರವಾದ ವಿಳಾಸವೆಂಬುದನ್ನು ಲೆಕ್ಕದಿಂದ ತಿಳಿಯೋಣ. ನಮ್ಮ ಅಂಚೆಯ ಪಿನ್ ಕೋಡಿನಲ್ಲಿ ಆರು ಅಂಕೆಗಳಿವೆ. ಆರು ಅಂಕೆಗಳಿಂದ ಹೆಚ್ಚೆಂದರೆ ಹತ್ತು ಲಕ್ಷ ಸಂಖ್ಯೆಗಳಾದಾವು. ನಾಲ್ಕು ಅಕ್ಷರಗಳಿಂದ ೨೦ ಅಕ್ಷರಗಳ ಒಂದು ಪದ ಕಟ್ಟಿದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಬೇರೆ ಬೇರೆ ಪದಗಳಾಗುತ್ತವೆ. ಮನುಷ್ಯನ ವಂಶದ ಬರಹದಲ್ಲಿರುವ ಒಟ್ಟು ಅಕ್ಷರಗಳು ಸುಮಾರು ೩೦೦ ಕೋಟಿ. ಎಂದ ಮೇಲೆ, ಚೆನ್ನಾಗಿ ಆರಿಸಿದ ೨೦ ಅಕ್ಷರಗಳ ಒಂದು ಎಳೆ, ಇಡೀ ಬರಹದಲ್ಲಿ ತನ್ನ ಜೊತೆಗಾರ ಇರುವ ಒಂದೇ ಜಾಗವನ್ನು ಹುಡುಕಿಕೊಂಡು ಹೋಗಬಲ್ಲದು. ಇಂದು ಇಂಥ ಎಳೆಗಳನ್ನು ಬೇಕಾದ ಅಕ್ಷರಗಳಲ್ಲಿ ಯಂತ್ರದಿಂದಲೇ ತಯಾರಿಸಬಹುದು.

ಎಳೆಯಿಂದ ಕಟ್ಟಡ

ಅಕ್ಷರಗಳ ಈ ನಿಯಮವನ್ನು ಇಟ್ಟುಕೊಂಡು ಡಿ.ಎನ್.ಎ.ಯನ್ನು ಕಟ್ಟಡದ ಸಾಮಗ್ರಿಯಂತೆ ಬಳಸಬಾರದೇಕೆ ಎಂದು ಮೊದಲು ಯೋಚಿಸಿದವರು ಅಮೆರಿಕದ ನೇಡ್ರಿಯನ್ ಸೀಮನ್. ೧೯೮೦ರಲ್ಲಿ ಅವರು ಎಷರ್ ಎಂಬ ಡಚ್ ಚಿತ್ರಕಾರನ ಒಂದು ಚಿತ್ರವನ್ನು ನೆನೆಯುತ್ತಿದ್ದರು. ಅದರಲ್ಲಿ ಮೀನುಗಳು ಉದ್ದ, ಅಗಲ, ಎತ್ತರ ಮೂರೂ ದಿಕ್ಕುಗಳಲ್ಲಿ ಸಾಲುಗಟ್ಟಿ ನಿಂತಿವೆ. ಡಿ.ಎನ್.ಎ.ಯ ಎಳೆಗಳನ್ನು ಕವಲೊಡೆಯುವಂತೆ ರಚಿಸಿದರೆ ಅವೂ ಹೀಗೆಯೇ ತಾವಾಗಿ ಹೊಂದಿಕೊಂಡು ನಿಲ್ಲಬಹುದಲ್ಲ ಎಂಬ ವಿಚಾರ ಅವರಿಗೆ ಹೊಳೆಯಿತು. ಅದನ್ನು ೧೯೮೨ರಲ್ಲಿ ಪ್ರಕಟಿಸಿ, ೧೯೯೧ರಲ್ಲಿ ಡಿ.ಎನ್.ಎ.ಯಿಂದಲೇ ಒಂದು ಘನಾಕೃತಿಯನ್ನು ಕಟ್ಟಿದರು. ಒಂದು ವಿದ್ಯೆಗೆ ತಳಪಾಯ ಹಾಕಿದ ಅವರು ೨೦೨೧ರಲ್ಲಿ ತೀರಿಕೊಂಡರು.

೨೦೦೬ರಲ್ಲಿ ಪಾಲ್ ರಾಥೆಮಂಡ್ ಎಂಬವರು ಇನ್ನೊಂದು ಸೊಗಸಾದ ಉಪಾಯ ತೋರಿಸಿದರು. ವೈರಸ್ಸೊಂದರ ೭,೦೦೦ಕ್ಕಿಂತ ಹೆಚ್ಚು ಅಕ್ಷರಗಳ ಒಂದೇ ಉದ್ದ ಎಳೆಯನ್ನು ತೆಗೆದುಕೊಂಡು, ೨೦೦ಕ್ಕೂ ಮೀರಿದ ಚಿಕ್ಕ ಎಳೆಗಳಿಂದ ಅಲ್ಲಲ್ಲಿ ಪಿನ್ನು ಹಾಕಿದಂತೆ ಹಿಡಿದು ಮಡಿಸಿದರು. ನಗುವ ಮುಖವೊಂದು ಸಿದ್ಧವಾಯಿತು. ಅದರ ಅಗಲ ಸುಮಾರು ೧೦೦ ನ್ಯಾನೊಮೀಟರು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರು. ತಲೆಗೂದಲಿನ ದಪ್ಪ ಸುಮಾರು ೮೦,೦೦೦ ನ್ಯಾನೊಮೀಟರು. ಅಂದರೆ ಒಂದು ಕೂದಲಿನ ಅಡ್ಡಗಲದಲ್ಲಿ ಇಂಥ ೮೦೦ ಮುಖಗಳನ್ನು ಸಾಲಾಗಿ ನಿಲ್ಲಿಸಬಹುದು. ಇಷ್ಟು ಸಣ್ಣ ಅಳತೆಯಲ್ಲಿ ಕಟ್ಟುವ ಈ ವಿದ್ಯೆಗೆ ಡಿ.ಎನ್.ಎ. ನ್ಯಾನೊ ತಂತ್ರಜ್ಞಾನವೆಂದು ಹೆಸರು.

ಇದು ಬರಿಯ ಆಟವಲ್ಲ. ಪರೀಕ್ಷೆಯ ತಟ್ಟೆಯ ಮೇಲೆ ಹುಡುಕುವ ಎಳೆಗಳನ್ನು ಸುಮ್ಮನೆ ಅಂಟಿಸಿದರೆ ಅವು ಗಾಳಿಗೆ ಮಲಗಿದ ಜೋಳದ ಪೈರಿನಂತೆ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ. ಜೊತೆಗಾರ ಬಂದರೂ ಹಿಡಿಯಲಾರವು. ೨೦೧೦ರಲ್ಲಿ ಚೀನಾದ ಚುನ್‌ಹಾಯ್ ಫಾನ್ ಮತ್ತು ಅವರ ಸಂಗಡಿಗರು ಡಿ.ಎನ್.ಎ.ಯಿಂದ ನಾಲ್ಕು ಮೂಲೆಗಳ ಪುಟ್ಟ ಗೋಪುರವನ್ನು ಕಟ್ಟಿ, ಅದರ ಮೂರು ಮೂಲೆಗಳನ್ನು ಚಿನ್ನದ ತಟ್ಟೆಗೆ ಊರಿದರು. ನಾಲ್ಕನೆಯ ಮೂಲೆ ಮೇಲಕ್ಕೆ ನಿಂತು ಹುಡುಕುವ ಎಳೆಯನ್ನು ಎತ್ತಿ ಹಿಡಿಯಿತು. ಮುಕ್ಕಾಲಿಯ ಮೇಲಿಟ್ಟ ವಸ್ತು ಅಲುಗದಂತೆ ಆ ಎಳೆಯೂ ನೆಟ್ಟಗೆ, ನೆರೆಯ ಎಳೆಯಿಂದ ಅಳೆದಷ್ಟೇ ದೂರದಲ್ಲಿ, ನಿಲ್ಲುತ್ತದೆ.

ದೀಪ ಹಚ್ಚುವ ಎಳೆ

ಇನ್ನು ಬೆಳಕಿನ ಮಾತು. ಲ್ಯೂಮಿನಾಲಿನ ದೀಪಕ್ಕೆ ಚುರುಕುಕಾರಕ ಬೇಕೆಂದೆವಷ್ಟೆ. ಆ ಕೆಲಸವನ್ನು ಡಿ.ಎನ್.ಎ.ಯೇ ಮಾಡಬಲ್ಲುದೆಂಬುದು ಆಶ್ಚರ್ಯದ ಸಂಗತಿ. ಎಳೆಯಲ್ಲಿ ಜಿ ಅಕ್ಷರಗಳು ಗುಂಪುಗುಂಪಾಗಿ ಬಂದರೆ ನಾಲ್ಕು ನಾಲ್ಕು ಜಿ ಕೈಹಿಡಿದು ಚೌಕವಾಗುತ್ತವೆ. ಚೌಕದ ಮೇಲೆ ಚೌಕ ಕೂತು, ಪೊಟ್ಯಾಸಿಯಂ ನಡುವೆ ಸೇರಿ ಕಟ್ಟನ್ನು ಬಿಗಿಗೊಳಿಸುತ್ತದೆ. ಮನೆಯ ಮುಂದೆ ಹಾಕುವ ಚೌಕದ ರಂಗೋಲಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಎನ್ನಬಹುದು. ರಕ್ತದ ಹೀಮಿಗೆ ಸಮೀಪದ ಬಂಧುವಾದ ಹೀಮಿನ್ ಎಂಬ ವಸ್ತು ಈ ಚೌಕದ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಒಂಟಿಯಾಗಿದ್ದಾಗ ಹೀಮಿನ್ ಮಂದ. ಚೌಕದ ಮೇಲೆ ಕುಳಿತಾಗ ಕಿಣ್ವದಂತೆ ಚುರುಕು. ಇದನ್ನು ಕೆನಡದಲ್ಲಿ ದೀಪಂಕರ ಸೇನ್ ಮತ್ತು ಅವರ ಸಂಗಡಿಗರು ೧೯೯೮ರಲ್ಲಿ ತೋರಿಸಿದರು. ಜೆರೂಸಲೆಮಿನ ಇತಮಾರ್ ವಿಲ್ನರ್ ಅವರ ತಂಡ ೨೦೦೪ರಲ್ಲಿ ಇದೇ ಜೋಡಿಯಿಂದ ಲ್ಯೂಮಿನಾಲಿನ ದೀಪವನ್ನು ಹಚ್ಚಿ, ಆ ಬೆಳಕಿನಿಂದ ಡಿ.ಎನ್.ಎ.ಯನ್ನು ಪತ್ತೆಮಾಡಿ ತೋರಿಸಿತು. ಹೀಗೆ, ಅಕ್ಷರವನ್ನು ಓದುವ ಎಳೆ, ಓದಿದುದನ್ನು ಬೆಳಕಾಗಿ ಹೇಳುವ ಎಳೆ, ಎರಡೂ ಒಂದೇ ಸಾಮಗ್ರಿಯಿಂದಾದುವು.

ಅಣುಗಳ ಅಂತ್ಯಾಕ್ಷರಿ

ಒಂದು ಗುರುತಿಗೆ ನೂರು ದೀಪ ಹಚ್ಚುವ ಬಗೆಯೊಂದೇ ಈಗ ಉಳಿಯಿತು. ಇದಕ್ಕೆ ನೀವು ವನಸಂಚಾರದ ಬಸ್ಸಿನಲ್ಲಿ ಆಡುವ ಅಂತ್ಯಾಕ್ಷರಿಯನ್ನು ನೆನಪಿಗೆ ತಂದುಕೊಳ್ಳಿ. ಒಬ್ಬನ ಹಾಡಿನ ಕೊನೆಯ ಅಕ್ಷರ ಮತ್ತೊಬ್ಬನ ಹಾಡನ್ನು ಎಬ್ಬಿಸುತ್ತದೆ. ಅವನ ಕೊನೆ ಮೂರನೆಯವನನ್ನು. ಮೊದಲನೆಯವನು ಬಾಯಿ ತೆರೆಯುವವರೆಗೆ ಎಲ್ಲರೂ ಸುಮ್ಮನೆ ಕುಳಿತಿರುತ್ತಾರೆ.

೨೦೦೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ ಡರ್ಕ್ಸ್ ಮತ್ತು ನೈಲ್ಸ್ ಪಿಯರ್ಸ್ ಅವರು ಡಿ.ಎನ್.ಎ.ಯಲ್ಲಿ ಇದೇ ಆಟವನ್ನು ಹೂಡಿದರು. ತಲೆಗೆ ಸಿಕ್ಕಿಸುವ ಹೇರ್‌ಪಿನ್ನಿನಂತೆ ತಮ್ಮಲ್ಲೇ ಮಡಿಸಿಕೊಂಡ ಎರಡು ಬಗೆಯ ಎಳೆಗಳು ನಳಿಕೆಯಲ್ಲಿವೆ. ಅವು ತಾವಾಗಿ ತೆರೆಯುವುದಿಲ್ಲ. ಹುಡುಕುತ್ತಿರುವ ಎಳೆ, ಉದಾಹರಣೆಗೆ ರೋಗಾಣುವಿನ ಬರಹದ ತುಣುಕು, ಬಂದರೆ ಮೊದಲನೆಯ ಬಗೆಯ ಪಿನ್ನೊಂದನ್ನು ಬಿಚ್ಚುತ್ತದೆ. ಬಿಚ್ಚಿದ ಬಾಲ ಎರಡನೆಯ ಬಗೆಯದೊಂದನ್ನು ಬಿಚ್ಚುತ್ತದೆ. ಅದರ ಬಾಲದಲ್ಲಿ ರೋಗಾಣುವಿನ ತುಣುಕಿನ ಅಕ್ಷರಗಳೇ ಇರುವುದರಿಂದ ಅದು ಮತ್ತೆ ಮೊದಲನೆಯ ಬಗೆಯ ಇನ್ನೊಂದನ್ನು ಬಿಚ್ಚುತ್ತದೆ. ಹೀಗೆ ಒಂದು ತುಣುಕಿನಿಂದ ಉದ್ದವಾದ ಸರಪಳಿ ಬೆಳೆಯುತ್ತದೆ. ಆ ಪಿನ್ನುಗಳ ಮಡಿಕೆಯಲ್ಲಿ ಮೇಲೆ ಹೇಳಿದ ಜಿ ಗುಂಪುಗಳನ್ನು ಅಡಗಿಸಿಟ್ಟಿದ್ದರೆ, ಬಿಚ್ಚಿದ ಪ್ರತಿ ಕೊಂಡಿಯಲ್ಲಿಯೂ ಒಂದು ಚೌಕ ಕಟ್ಟುತ್ತದೆ, ಹೀಮಿನ್ ಬಂದು ಕೂರುತ್ತದೆ, ಲ್ಯೂಮಿನಾಲು ಬೆಳಗುತ್ತದೆ. ಕಾರ್ತಿಕದ ದೀಪೋತ್ಸವದಲ್ಲಿ ಒಂದು ಹಣತೆಯಿಂದ ಸಾಲು ಹಣತೆಗಳು ಹೊತ್ತಿಕೊಂಡಂತೆ! ತುಣುಕು ಬಾರದಿದ್ದರೆ ಕತ್ತಲೆ.

೨೦೨೦ರ ಕೋವಿಡ್ ಕಾಲದಲ್ಲಿ ನೀವೆಲ್ಲ ಕೇಳಿದ ಆರ್.ಟಿ.–ಪಿ.ಸಿ.ಆರ್. ಪರೀಕ್ಷೆಯೂ ರೋಗಾಣುವಿನ ಬರಹವನ್ನೇ ಓದುತ್ತದೆ. ಆದರೆ ಅದಕ್ಕೆ ಮತ್ತೆ ಮತ್ತೆ ಕಾಯಿಸಿ ತಣಿಸುವ ಯಂತ್ರ ಬೇಕು, ಕಿಣ್ವ ಬೇಕು. ಅಣುಗಳ ಈ ಅಂತ್ಯಾಕ್ಷರಿಯಾದರೋ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೇ, ಕಿಣ್ವದ ನೆರವಿಲ್ಲದೆ ನಡೆಯಬಲ್ಲದು. ದೊಡ್ಡ ಯಂತ್ರಗಳಿಲ್ಲದ ಚಿಕ್ಕ ಊರಿನ ದವಾಖಾನೆಗೂ ಇಂಥ ಪರೀಕ್ಷೆ ತಲಪೀತೆಂಬ ಆಸೆ ವಿಜ್ಞಾನಿಗಳಿಗಿರುವುದು ಇದರಿಂದಲೇ.

ಉಳಿದಿರುವ ಅಡೆತಡೆಗಳು

ಆಸೆಯನ್ನು ಹೇಳಿದ ಮೇಲೆ ಅಡ್ಡಿಗಳನ್ನೂ ಹೇಳಬೇಕು. ವರದಿಯಲ್ಲಿ ಕಂಡ ಪ್ರತಿಕಾಯಗಳ ಪರೀಕ್ಷೆ ಆಸ್ಪತ್ರೆಗಳಲ್ಲಿ ನಿತ್ಯ ನಡೆಯುವಂಥದು. ಡಿ.ಎನ್.ಎ.ಯ ಸರಪಳಿಯಿಂದ ದೀಪ ಹಚ್ಚುವ ಪರೀಕ್ಷೆಗಳಾದರೋ ಬಹುತೇಕ ಇನ್ನೂ ಪ್ರಯೋಗಶಾಲೆಯ ಹಂತದಲ್ಲಿವೆ. ಮೊದಲನೆಯ ತೊಡಕು, ರಕ್ತದಲ್ಲಿಯೇ ಹೀಮ್ ಇರುವುದು. ಪೊಲೀಸರಿಗೆ ನೆರವಾದ ಗುಣವೇ ಇಲ್ಲಿ ಶತ್ರು. ರೋಗಾಣು ಇಲ್ಲದಿದ್ದರೂ ರಕ್ತದ ಹೀಮ್ ಲ್ಯೂಮಿನಾಲನ್ನು ಬೆಳಗಿಸಿ ಸುಳ್ಳು ಸಾಕ್ಷಿ ಹೇಳೀತು. ಆದುದರಿಂದ ಮಾದರಿಯನ್ನು ಚೆನ್ನಾಗಿ ಶುದ್ಧಮಾಡಬೇಕಾಗುತ್ತದೆ. ಎರಡನೆಯದು, ಡಿ.ಎನ್.ಎ.ಯನ್ನು ಕತ್ತರಿಸುವ ಕಿಣ್ವಗಳು ರಕ್ತದಲ್ಲಿವೆ. ನಾವು ಕಳುಹಿಸಿದ ಎಳೆಯನ್ನು ಅವು ತುಂಡರಿಸಬಹುದು. ಮೂರನೆಯದು, ಮುಚ್ಚಿದ ಪಿನ್ನುಗಳಲ್ಲಿ ಕೆಲವು ಯಾರೂ ಕರೆಯದಿದ್ದರೂ ತಾವಾಗಿ ಬಿಚ್ಚಿಕೊಳ್ಳುವುದುಂಟು. ಅಂತ್ಯಾಕ್ಷರಿಯಲ್ಲಿ ಸರದಿ ತಪ್ಪಿ ಹಾಡುವ ಹುಡುಗನಂತೆ. ಆರೋಗ್ಯವಂತನಿಗೆ ರೋಗವಿದೆಯೆಂದು ಹೇಳುವ ಪರೀಕ್ಷೆಯೂ, ರೋಗಿಗೆ ಇಲ್ಲವೆಂದು ಹೇಳುವ ಪರೀಕ್ಷೆಯೂ ಮನೆ ಕೆಡಿಸುವಂಥವೇ. ಅದಕ್ಕಾಗಿ ಈ ದೀಪಗಳು ಆಸ್ಪತ್ರೆಯ ಹೊಸ್ತಿಲು ದಾಟುವ ಮೊದಲು ಬಹಳ ಸಲ ಪರೀಕ್ಷಿಸಲ್ಪಡಬೇಕು.

ಕೊನೆಯ ಮಾತು

ಆ ವಿದ್ಯಾರ್ಥಿನಿಯ ತಾಯಿಯವರು ಮರುದಿನವೇ ವೈದ್ಯರ ಬಳಿಗೆ ಹೋದರು. ಅವರ ಥೈರಾಯ್ಡ್ ಗ್ರಂಥಿ ತುಸು ಮಂದವಾಗಿತ್ತು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಈಚೆಗೆ ನಮ್ಮ ಪಾಲಕರ ಸಭೆಗೆ ಬಂದಿದ್ದಾಗ, "ಈಗ ಆರಾಮ ಅದೇನ್ರೀ ಸರ್, ದಣಿವು ಕಡಿಮಿ ಆಗೇದ" ಎಂದು ಹೇಳಿ ನಕ್ಕರು. ಅವರ ಕಾಯಿಲೆ ಸಣ್ಣದು. ಅವರನ್ನು ಹೆಚ್ಚು ಕಾಡಿದ್ದು ಅರ್ಥವಾಗದ ಒಂದು ಪದ.

ಮಕ್ಕಳೇ, ಈ ನಗರದಲ್ಲಿ ಇಂಥ ಪದಗಳು ನಿಮ್ಮ ಮನೆಗಳಿಗೆ ಬರುತ್ತಲೇ ಇರುತ್ತವೆ. ಆಸ್ಪತ್ರೆಯ ಚೀಟಿಯಲ್ಲಿ, ಬ್ಯಾಂಕಿನ ಕಾಗದದಲ್ಲಿ, ಸರಕಾರದ ನೋಟೀಸಿನಲ್ಲಿ ಬರುತ್ತವೆ. ಮನೆಯಲ್ಲಿ ಓದಬಲ್ಲವರು ಅನೇಕ ವೇಳೆ ನೀವೊಬ್ಬರೇ. ಪದ ಎಷ್ಟೇ ಉದ್ದವಾಗಿರಲಿ, ಹೆದರದೆ ಅದನ್ನು ಒಡೆದು ನೋಡಿರಿ. ತಿಳಿಯದಿದ್ದರೆ ಕೇಳಿರಿ, ಕೇಳಿದವರಿಗೆ ನಾನು ಅಂದು ಸುಮ್ಮನಾದಂತೆ ಯಾರಾದರೂ ಸುಮ್ಮನಾದರೆ, ಮರುದಿನ ಮತ್ತೆ ಕೇಳಿರಿ. ತಿಳಿದುದನ್ನು ಮನೆಯ ಮಾತಿನಲ್ಲಿ ಅವ್ವನಿಗೆ, ಅಪ್ಪನಿಗೆ ಹೇಳಿರಿ. ಮುಂದೆ ನ್ಯಾನೊಮೀಟರಿನ ಗೋಪುರ ಕಟ್ಟುವವರೂ, ಅಣುಗಳಿಗೆ ಅಂತ್ಯಾಕ್ಷರಿ ಕಲಿಸುವವರೂ ನಿಮ್ಮಲ್ಲಿಯೇ ಯಾರಾದರೂ ಇರಬಹುದು. ಅದಕ್ಕೆ ಮೊದಲು ನಿಮ್ಮ ಮನೆಗೆ ಬಂದ ಒಂದು ಪದಕ್ಕಾದರೂ ದೀಪ ಹಿಡಿಯಿರಿ.